ಎಚ್‌ಐವಿ ತಡೆ ಮತ್ತು ಆರೈಕೆ: ಸಮುದಾಯದವರೇ ಮುಂದೆ ನಿಂತು ಮಾಡುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಎಚ್‌ಐವಿ ಕೆಲಸಕ್ಕೆ ಇಳಿಯುವವರು ಮೊದಲು ಒಂದು ವಿಷಯ ಮನದಟ್ಟು ಮಾಡಿಕೊಳ್ಳಬೇಕು. ಇಲ್ಲಿ ಜನರನ್ನು ಹಿಂದಕ್ಕೆ ಎಳೆಯುವುದು ಮಾತ್ರೆಯ ಬೆಲೆಯಲ್ಲ. ಪರೀಕ್ಷೆ ಉಚಿತ. ಎಆರ್‌ಟಿ (ವೈರಾಣುವನ್ನು ಹತ್ತಿಕ್ಕುವ ಮಾತ್ರೆಗಳ) ಚಿಕಿತ್ಸೆಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಎರಡೂ ಜಿಲ್ಲಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ. ಹಿಂದಕ್ಕೆ ಎಳೆಯುವುದು ‘ಯಾರಾದರೂ ನೋಡಿಬಿಟ್ಟರೆ?’ ಎಂಬ ಅಂಜಿಕೆ. ಜಗಳೂರಿನಿಂದ ಬಂದ ಹೆಣ್ಣುಮಗಳೊಬ್ಬಳು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಆ ಕೊಠಡಿಯ ಮುಂದೆ ಕುಳಿತಿರುವಾಗಲೇ ಸಕ್ಕರೆ ಕಾಯಿಲೆ ತೋರಿಸಲು ಬಂದ ಅದೇ ಊರಿನವರು ಎದುರಾಗಬಹುದು. ಸಂಜೆಯೊಳಗೆ ಸುದ್ದಿ ಊರು ಸೇರಿರುತ್ತದೆ. ಹಾಗಾಗಿ ಕೆಲಸದ ಪ್ರತಿಯೊಂದು ಹಂತವನ್ನೂ ಈ ಅಂಜಿಕೆಯನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಬೇಕು. ಅದನ್ನು ಕಟ್ಟಬಲ್ಲವರು ಆ ಅಂಜಿಕೆಯನ್ನು ಸ್ವತಃ ಉಂಡವರು.

ಎಲ್ಲರಿಗೂ ಒಂದೇ ಪ್ರಮಾಣದ ಅಪಾಯವಿಲ್ಲ ಎಂಬುದನ್ನು ಅಂಕಿಅಂಶಗಳು ನೇರವಾಗಿ ಹೇಳುತ್ತವೆ. 2021ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.21. ಅದೇ ವರ್ಷದ ಸಮೀಕ್ಷೆಯಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರಲ್ಲಿ ಶೇ 1.85, ಪುರುಷರೊಂದಿಗೆ ಸಂಬಂಧ ಇರುವ ಪುರುಷರಲ್ಲಿ ಶೇ 3.26, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಶೇ 3.78, ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ ಶೇ 9.03. ಇದು ಈ ಜನರ ನಡತೆಗೆ ಕೊಟ್ಟ ಅಂಕಪಟ್ಟಿಯಲ್ಲ. ಪೊಲೀಸರ ಭಯ, ಬಾಡಿಗೆ ಮನೆ ಸಿಗದಿರುವುದು, ಆಸ್ಪತ್ರೆಯಲ್ಲಿ ಮೂಗು ಮುರಿಯುವುದು, ಕಾಂಡೋಮ್ ಬೇಡವೆನ್ನುವ ಗಿರಾಕಿಯ ಮುಂದೆ ಹೊಟ್ಟೆಪಾಡು ಸೋಲುವುದು, ಇವೆಲ್ಲ ಸೇರಿ ಆದ ಲೆಕ್ಕ ಇದು.

ಮಹಿಳಾ ಸಂಘ, ಲೈಂಗಿಕ ಅಲ್ಪಸಂಖ್ಯಾತರ ಗುಂಪು, ಸೋಂಕಿತರ ಸಂಘ ನಡೆಸುವವರು, ಹೆಚ್ಚು ಅಪಾಯದಲ್ಲಿರುವ ಗುಂಪುಗಳಿಗಾಗಿ ಇರುವ ಸರ್ಕಾರದ ಟಿಐ ಯೋಜನೆಗೆ ಹೊಸದಾಗಿ ಸೇರಿದವರು, ಊರಿನಲ್ಲಿ ಇಂಥವರಿಗೆ ನೆರವಾಗಬೇಕೆಂದಿರುವ ಆಶಾ ಕಾರ್ಯಕರ್ತೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಬರೆದಿದ್ದೇನೆ.

ಮೊದಲು ಜನ, ಆಮೇಲೆ ಕಚೇರಿ

ಹೊಸಬರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಕೊಠಡಿ ಹಿಡಿದು ಬೋರ್ಡು ತೂಗುಹಾಕುವುದು. ‘ಏಡ್ಸ್’ ಎಂದು ದಪ್ಪಕ್ಷರದಲ್ಲಿ ಬರೆದ ಬೋರ್ಡಿನ ಕೆಳಗೆ ಯಾರೂ ಹಗಲಿನಲ್ಲಿ ಕಾಲಿಡುವುದಿಲ್ಲ. ಅದನ್ನು ಬಿಟ್ಟು ಸಮುದಾಯದೊಳಗೆ ನಾಲ್ಕಾರು ಜನರನ್ನು ಹುಡುಕಿ. ಯೋಜನೆಯ ಭಾಷೆಯಲ್ಲಿ ಅವರು ‘ಪೀರ್’ಗಳು, ಅಂದರೆ ಅದೇ ಬದುಕು ಬದುಕುತ್ತಿರುವವರು. ಒಬ್ಬ ಪೀರ್‌ಗೆ ಸುಮಾರು 60 ಜನ ಎಂಬುದು ರಾಷ್ಟ್ರೀಯ ಕಾರ್ಯಕ್ರಮದ ವಾಡಿಕೆ.

ಆಯ್ಕೆಯಲ್ಲಿ ಓದು ಬರಹಕ್ಕಿಂತ ಮುಖ್ಯವಾದದ್ದು ಒಂದಿದೆ: ಅವರ ಬಾಯಿಗೆ ಬೀಗ ಇದೆಯೇ? ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಮೊದಲ ಭೇಟಿಯಲ್ಲಿಯೇ ‘ಅವಳಿಗೂ ಇದೆ ಮೇಡಂ, ಇವನಿಗೂ ಇದೆ ಸರ್’ ಎಂದು ಪಟ್ಟಿ ಒಪ್ಪಿಸುವವರು ಎಷ್ಟೇ ಚುರುಕಾಗಿದ್ದರೂ ಈ ಕೆಲಸಕ್ಕೆ ಬೇಡ. ನಾಳೆ ನಿಮ್ಮ ಪಟ್ಟಿಯನ್ನೂ ಬೇರೆ ಕಡೆ ಒಪ್ಪಿಸುತ್ತಾರೆ.

ಒಂದೇ ಗುಂಪಿನೊಳಗೂ ಪದರಗಳಿವೆ. ಲಾಡ್ಜ್‌ಗೆ ಹೋಗುವವರು, ಮನೆಯಲ್ಲೇ ಇದ್ದು ಮೊಬೈಲಿನಲ್ಲಿ ಗಿರಾಕಿ ಹಿಡಿಯುವವರು, ಹೆದ್ದಾರಿ ಬದಿಯವರು, ಇವರ ನಡುವೆ ಮಾತುಕತೆಯೇ ಇರುವುದಿಲ್ಲ. ದೇವದಾಸಿ ಪದ್ಧತಿಗೆ ಸಿಕ್ಕಿದ ಹೆಣ್ಣುಮಕ್ಕಳ ವಿಷಯವೇ ಬೇರೆ. ಆ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿದೆ. ಮುತ್ತು ಕಟ್ಟಿಸಿಕೊಂಡವರೆಲ್ಲ ಲೈಂಗಿಕ ವೃತ್ತಿಯಲ್ಲಿದ್ದಾರೆ ಎಂದು ಭಾವಿಸಿ ಕಾಂಡೋಮ್ ಪೆಟ್ಟಿಗೆ ಹಿಡಿದು ಬಾಗಿಲು ಬಡಿದರೆ ಆ ಓಣಿಯಲ್ಲಿ ಮತ್ತೆ ನಿಮಗೆ ಪ್ರವೇಶವಿಲ್ಲ. ಪುರುಷರೊಂದಿಗೆ ಸಂಬಂಧ ಇರುವ ಪುರುಷರಲ್ಲಿ ಅನೇಕರು ಮದುವೆಯಾದವರು. ಹೆಂಡತಿ ಮಕ್ಕಳ ಮುಂದೆ ನಿಮ್ಮ ಪೀರ್ ‘ಯಾವ ಸ್ನೇಹಿತ’ ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು.

ಜಾಗಕ್ಕಿಂತ ಹೊತ್ತು ಮುಖ್ಯ

ಪೀರ್‌ಗಳನ್ನು ಕೂರಿಸಿಕೊಂಡು ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆ ಬರೆಯಿರಿ. ಜನ ಎಲ್ಲಿ ಸೇರುತ್ತಾರೆ, ಯಾವ ವಾರ, ಯಾವ ಹೊತ್ತು, ಎಷ್ಟು ಜನ. ನಾನು ಇಲ್ಲಿ ಯಾವ ಜಾಗದ ಹೆಸರನ್ನೂ ಬರೆಯುವುದಿಲ್ಲ, ನೀವೂ ಬರೆಯಬೇಡಿ. ಅಚ್ಚಾದ ಜಾಗಕ್ಕೆ ಮೊದಲು ಬರುವವರು ಪೊಲೀಸರು ಮತ್ತು ಪೋಕರಿಗಳು. ನಕ್ಷೆಯಲ್ಲಿ ಗುರುತು ಹಾಕಿ, ಕೋಡ್ ಕೊಡಿ, ಹಾಳೆಯನ್ನು ಬೀಗದೊಳಗೆ ಇಡಿ. ಗೋಡೆಗೆ ಅಂಟಿಸಿ ಅತಿಥಿಗಳಿಗೆ ತೋರಿಸುವ ಚಟ ನಮ್ಮ ಸಂಸ್ಥೆಗಳಲ್ಲಿ ಇನ್ನೂ ಹೋಗಿಲ್ಲ.

ಈ ಸೀಮೆಯಲ್ಲಿ ನಕ್ಷೆಯ ಜೊತೆಗೆ ಪಂಚಾಂಗವೂ ಬೇಕು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರದ ಮೂಲಕ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳು ವರ್ಷವಿಡೀ ಓಡುತ್ತವೆ, ಆದರೆ ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ಬರುವಾಗ, ಚಳ್ಳಕೆರೆಗೆ ಶೇಂಗಾ ಬರುವಾಗ, ಚನ್ನಗಿರಿ ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು ನಡೆಯುವಾಗ ಕೈಯಲ್ಲಿ ಕಾಸು ಓಡಾಡುತ್ತದೆ; ಅದರ ಹಿಂದೆಯೇ ಉಳಿದದ್ದೂ ಓಡಾಡುತ್ತದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ, ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಹೊರಗಿನವರು ಬಂದು ಸೇರುತ್ತಾರೆ. ಮೊಳಕಾಲ್ಮುರು, ಜಗಳೂರಿನ ಒಣಭೂಮಿಯ ಜನ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಾರೆ. ಗುಳೆಗೆ ಮುಂಚೆ ಒಂದು ಸುತ್ತು, ವಾಪಸು ಬಂದ ಮೇಲೆ ಒಂದು ಸುತ್ತು ಭೇಟಿ ಇಟ್ಟುಕೊಳ್ಳಿ. ಮಧ್ಯದಲ್ಲಿ ಬೀಗ ಹಾಕಿದ ಮನೆಗಳನ್ನು ಎಣಿಸಿ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುವುದರಿಂದ ಯಾರಿಗೂ ಲಾಭವಿಲ್ಲ.

ಈಗ ಬಸ್ ನಿಲ್ದಾಣದ ಮೂಲೆಗಿಂತ ಮೊಬೈಲ್ ದೊಡ್ಡ ಜಾಗ. ಅಲ್ಲಿರುವವರನ್ನು ಅಲ್ಲೇ ಹೋಗಿ ಮಾತಾಡಿಸಬಲ್ಲ ಕಿರಿಯ ವಯಸ್ಸಿನ ಪೀರ್ ಒಬ್ಬರಾದರೂ ನಿಮ್ಮಲ್ಲಿರಲಿ.

ಕಾಂಡೋಮ್: ಹಂಚುವುದಷ್ಟೇ ಅಲ್ಲ

ಸರ್ಕಾರದ ಉಚಿತ ನಿರೋಧ್ ಟಿಐ ಯೋಜನೆಗಳಿಗೂ ಆಪ್ತಸಲಹೆ ಕೊಟ್ಟು ಪರೀಕ್ಷೆ ಮಾಡುವ ಐಸಿಟಿಸಿ ಕೇಂದ್ರಗಳಿಗೂ ಬರುತ್ತದೆ. ಎಷ್ಟು ಕೊಡಬೇಕೆಂಬುದನ್ನು ತಲೆಗೆ ಇಷ್ಟು ಎಂದು ಹಂಚದೆ, ಆಕೆಗೆ ವಾರಕ್ಕೆ ಎಷ್ಟು ಬೇಕಾಗುತ್ತದೆ ಎಂದು ಕೇಳಿ ಲೆಕ್ಕ ಹಾಕಿ. ಮನೆಯಲ್ಲಿ ಇಟ್ಟುಕೊಳ್ಳಲಾಗದವರಿಗೆ ಪೀರ್ ಮನೆಯೋ ನಂಬಿಕಸ್ಥ ಅಂಗಡಿಯೋ ದಾಸ್ತಾನು ಜಾಗವಾಗಬೇಕು.

ಹಾಕುವ ರೀತಿಯನ್ನು ಮಾದರಿ ಇಟ್ಟುಕೊಂಡು ತೋರಿಸಿ, ಆಮೇಲೆ ಅವರ ಕೈಯಲ್ಲೇ ಮಾಡಿಸಿ. ತಪ್ಪು ಎಲ್ಲಾಗುತ್ತದೆ ಎಂಬುದು ಆಗ ಕಾಣುತ್ತದೆ: ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿಯುವುದು, ತುದಿಯ ಗಾಳಿ ತೆಗೆಯದಿರುವುದು, ಎರಡನ್ನು ಒಂದರ ಮೇಲೊಂದು ಹಾಕುವುದು, ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬೆಂದದ್ದನ್ನು ಬಳಸುವುದು. ಇನ್ನೊಂದು ತಪ್ಪು ನಮ್ಮ ಕಡೆ ವಿಶೇಷವಾಗಿ ಹೆಚ್ಚು: ಜಾರಲೆಂದು ಕೊಬ್ಬರಿ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್ ಸವರುವುದು. ಎಣ್ಣೆ ತಾಗಿದ ಲ್ಯಾಟೆಕ್ಸ್ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ. ನೀರು ಆಧಾರಿತ ಜೆಲ್ ಮಾತ್ರ ಬಳಸಬೇಕು. ಪುರುಷರೊಂದಿಗೆ ಸಂಬಂಧ ಇರುವವರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಜೆಲ್ ಇಲ್ಲದ ಕಾಂಡೋಮ್ ಅರ್ಧ ರಕ್ಷಣೆ ಮಾತ್ರ. ಬೇಡಿಕೆ ಪತ್ರದಲ್ಲಿ ಅದನ್ನು ಮರೆಯದೆ ಕೇಳಿ.

ಕಾಂಡೋಮ್ ಹರಿದರೆ, ಬಲಾತ್ಕಾರ ನಡೆದರೆ, ಬಳಸಿದ ಸೂಜಿ ಚುಚ್ಚಿದರೆ ಕೈಯಲ್ಲಿರುವುದು 72 ಗಂಟೆ. ಅದರೊಳಗೆ ಪೆಪ್ ಎಂಬ ತಡೆ ಚಿಕಿತ್ಸೆ ಶುರುವಾಗಬೇಕು, ಮೊದಲ ಕೆಲವು ಗಂಟೆಗಳಲ್ಲೇ ಆದರೆ ಇನ್ನೂ ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ‘ಪೆಪ್ ಬೇಕು’ ಎಂದೇ ಹೇಳಬೇಕು. ‘ಸೋಮವಾರ ಎಆರ್‌ಟಿ ತೆರೆದಾಗ ಬನ್ನಿ’ ಎಂದರೆ ಒಪ್ಪಿಕೊಂಡು ಬರಬೇಡಿ. ಶನಿವಾರ ರಾತ್ರಿ ನಡೆದದ್ದಕ್ಕೆ ಸೋಮವಾರ ಮಧ್ಯಾಹ್ನವೆಂದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗಿರುತ್ತದೆ. 72 ಗಂಟೆ ಎಂಬ ಈ ಸಂಖ್ಯೆ ಪ್ರತಿಯೊಬ್ಬ ಪೀರ್‌ಗೂ ನಿದ್ದೆಯಲ್ಲಿ ಕೇಳಿದರೂ ಬರಬೇಕು.

ಅಪಾಯ ಪದೇ ಪದೇ ಎದುರಾಗುವವರು ಮುಂಚಿತವಾಗಿಯೇ ನುಂಗುವ ‘ಪ್ರೆಪ್’ ಮಾತ್ರೆಯೂ ಇದೆ. ಶುರುಮಾಡುವ ಮೊದಲು ಎಚ್‌ಐವಿ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾಗಬೇಕು, ವೈದ್ಯರ ನಿಗಾ ಬೇಕು. ಅದು ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ.

ಪರೀಕ್ಷೆಗೆ ಕರೆದೊಯ್ಯುವುದಲ್ಲ, ಒಪ್ಪಿಸುವುದು

ಟಿಐ ವ್ಯಾಪ್ತಿಯಲ್ಲಿರುವವರಿಗೆ ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಎಂಬ ಕ್ರಮವಿದೆ. ಕ್ರಮ ಸರಿ. ಅದು ‘ಟಾರ್ಗೆಟ್’ ಆದಾಗ ಹಾಳಾಗುತ್ತದೆ. ಮಾರ್ಚ್ ತಿಂಗಳಲ್ಲಿ ಜನರನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಸಾಲಾಗಿ ನಿಲ್ಲಿಸಿದರೆ ಸಂಖ್ಯೆ ಮುಟ್ಟುತ್ತದೆ, ಜನ ಕೈತಪ್ಪುತ್ತಾರೆ.

ಪೀರ್ ಆಡುವ ಮಾತನ್ನು ಮೊದಲೇ ಅಭ್ಯಾಸ ಮಾಡಿಸಿ. ‘ನಿಮ್ಮದು ಬಾಕಿ ಇದೆ, ಬರಲೇಬೇಕು’ ಎಂಬುದು ವಸೂಲಿಗೆ ಬಂದವರ ಮಾತು. ‘ಅಕ್ಕಾ, ಹೋದ ಸಲ ಮಾಡಿಸಿ ಆರು ತಿಂಗಳಾಯಿತು. ಬುಧವಾರ ನಾನೂ ಮಾಡಿಸುತ್ತೇನೆ, ಒಟ್ಟಿಗೆ ಹೋಗಿ ಬರೋಣವೇ? ಬೇಡವೆನಿಸಿದರೆ ಬಾಗಿಲವರೆಗೆ ಹೋಗಿ ವಾಪಸು ಬಂದರೂ ಆಗುತ್ತದೆ’ ಎಂದರೆ ಬಹಳ ಜನ ಬರುತ್ತಾರೆ. ಕೊನೆಯ ವಾಕ್ಯವನ್ನು ಬರೀ ಬಾಯಿಮಾತಿಗೆ ಹೇಳಬೇಡಿ, ಹಾಗೆಯೇ ನಡೆದುಕೊಳ್ಳಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ.

ಆಸ್ಪತ್ರೆಗೆ ಬರಲು ಹಿಂಜರಿಯುವವರಿಗೆ ಸಮುದಾಯ ಮಟ್ಟದ ತಪಾಸಣೆ ಇದೆ: ತರಬೇತಿ ಪಡೆದವರು ಬೆರಳ ತುದಿಯ ರಕ್ತದಿಂದ ಅಲ್ಲೇ ಮಾಡುವ ಒಂದು ಪರೀಕ್ಷೆ. ಅದರಲ್ಲಿ ಗೆರೆ ಮೂಡಿದರೆ ‘ಸೋಂಕಿದೆ’ ಎಂದು ಹೇಳಬಾರದು. ‘ಇನ್ನೊಂದು ಪರೀಕ್ಷೆ ಆಗಬೇಕು’ ಎಂದಷ್ಟೇ ಹೇಳಿ ಆವತ್ತೇ ಅಥವಾ ಮರುದಿನವೇ ಐಸಿಟಿಸಿಗೆ ಜೊತೆಗೂಡಿ ಹೋಗಬೇಕು. ಅಲ್ಲಿ ಮೂರು ಬೇರೆ ಬೇರೆ ಬಗೆಯ ಕಿಟ್‌ಗಳಲ್ಲಿ ನೋಡಿದ ಮೇಲೆಯೇ ಸೋಂಕು ಖಚಿತ ಎನ್ನುತ್ತಾರೆ. ಒಂದು ರಾತ್ರಿಯ ಆ ಅಂತರದಲ್ಲಿ ಪೀರ್ ಫೋನ್ ಎತ್ತದಿದ್ದರೆ ಏನೂ ಆಗಬಹುದು. ಪೀರ್ ಆ ರಾತ್ರಿ ಆಕೆಯ ಜೊತೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಸೋಂಕು ಇಲ್ಲ ಎಂದು ಬಂದವರನ್ನು ‘ಸರಿ, ಹೋಗಿ ಬನ್ನಿ’ ಎಂದು ಕಳಿಸಿಬಿಡುವುದೂ ತಪ್ಪು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು. ಇತ್ತೀಚೆಗೆ ಅಪಾಯ ಎದುರಿಸಿದವರು ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು. ಬಿಳಿಸೆರಗು, ಉರಿಮೂತ್ರ, ಹುಣ್ಣು ಇದ್ದರೆ ಲೈಂಗಿಕ ರೋಗಗಳ ಸುರಕ್ಷಾ ಕ್ಲಿನಿಕ್‌ಗೆ ಕರೆದೊಯ್ಯಿರಿ. ಲಕ್ಷಣ ನೋಡಿ ಬಣ್ಣ ಬಣ್ಣದ ಪೊಟ್ಟಣಗಳಲ್ಲಿ ಔಷಧ ಕೊಡುತ್ತಾರೆ. ಗುಪ್ತಾಂಗದ ಹುಣ್ಣು ಎಚ್‌ಐವಿಗೆ ತೆರೆದ ಬಾಗಿಲು, ಹಾಗಾಗಿ ಅದರ ಚಿಕಿತ್ಸೆಯೂ ಎಚ್‌ಐವಿ ತಡೆಯ ಕೆಲಸವೇ.

ಸೋಂಕು ಖಚಿತವಾದ ಮೇಲಿನ ಮೊದಲ ವಾರ

ಕೈತಪ್ಪಿ ಹೋಗುವವರಲ್ಲಿ ಬಹಳಷ್ಟು ಜನ ಈ ವಾರದಲ್ಲಿ ಹೋಗುತ್ತಾರೆ. ಐಸಿಟಿಸಿಯ ಚೀಟಿ ಸೆರಗಿನ ಗಂಟಿನಲ್ಲಿರುತ್ತದೆ, ಎಆರ್‌ಟಿ ಕೇಂದ್ರ ಅದೇ ಆವರಣದಲ್ಲೋ ನಲವತ್ತು ಕಿಲೋಮೀಟರ್ ದೂರದಲ್ಲೋ ಇರುತ್ತದೆ, ಮಧ್ಯದಲ್ಲಿ ಮನುಷ್ಯ ಮಾಯ. 2017ರಿಂದ ದೇಶದಲ್ಲಿ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣಗಳ) ಎಣಿಕೆ ಎಷ್ಟೇ ಇರಲಿ ಎಲ್ಲ ಸೋಂಕಿತರಿಗೂ ಚಿಕಿತ್ಸೆ ಕೊಡುತ್ತಾರೆ. ಅಡ್ಡಿ ಇಲ್ಲದಿದ್ದರೆ ಒಂದು ವಾರದೊಳಗೆ ಶುರುಮಾಡಬೇಕೆಂಬುದು ನಿಯಮ. ಚೀಟಿ ಕೊಟ್ಟು ಕಳಿಸಬೇಡಿ, ಜೊತೆಗೆ ಹೋಗಿ. ಯಾರು ಜೊತೆಗೆ ಬರಬೇಕೆಂಬುದನ್ನು ಅವರೇ ಆರಿಸಲಿ. ಕೆಲವರಿಗೆ ಊರಿನ ಪೀರ್ ಬೇಡ, ಪಕ್ಕದ ತಾಲ್ಲೂಕಿನವರಾದರೆ ನಿರಾಳ. ಕೆಲವರಿಗೆ ಚಿತ್ರದುರ್ಗದವರಾಗಿದ್ದರೂ ದಾವಣಗೆರೆಯಲ್ಲಿ ಹೆಸರು ಬರೆಸುವುದೇ ಇಷ್ಟ. ಬರೆಸಲಿ. ಬಸ್ಸಿನ ಒಂದು ತಾಸು ಅವರಿಗೆ ಭಾರವಲ್ಲ, ಊರ ಬಾಯಿ ಭಾರ. ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಗತಿ. ಅದಕ್ಕೆ ಸಂಘದಲ್ಲಿ ಸ್ವಲ್ಪ ದುಡ್ಡು ತೆಗೆದಿಡಿ.

ಮೊದಲ ಬಾರಿ ಮಾತ್ರೆ ಡಬ್ಬಿ ಕೈಗೆ ಬಂದಾಗ ಪೀರ್ ಪಕ್ಕದಲ್ಲಿದ್ದು ಇಷ್ಟನ್ನು ಹೇಳಬೇಕು. ಈಗ ಸಾಮಾನ್ಯವಾಗಿ ಕೊಡುವುದು ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದು, ನಿಗದಿತ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಕಟ್ಟಳೆಯಿಲ್ಲ. ನಿದ್ದೆ ಬಾರದಿದ್ದರೆ ಬೆಳಗಿನ ಹೊತ್ತಿಗೆ ಬದಲಿಸಿಕೊಳ್ಳಬಹುದು. ಮರೆತರೆ ನೆನಪಾದ ಕೂಡಲೇ ನುಂಗಬೇಕು, ಮರುದಿನ ಎರಡು ನುಂಗಬಾರದು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯುರಿಗೆ ಕುಡಿಯುವ ಔಷಧ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯುತ್ತವೆ. ಎಆರ್‌ಟಿ ಮಾತ್ರೆಯನ್ನು ಇವುಗಳಿಗೆ ಎರಡು ತಾಸು ಮುಂಚೆಯೋ ಆರು ತಾಸು ಬಳಿಕವೋ ನುಂಗಬೇಕು. ಬಸುರಿಯರು ಕಬ್ಬಿಣದ ಮಾತ್ರೆ ನುಂಗುತ್ತಲೇ ಇರುತ್ತಾರಲ್ಲ, ಅವರಿಗೆ ಇದು ತೀರ ಅಗತ್ಯದ ಮಾತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಎಆರ್‌ಟಿ ವೈದ್ಯರಿಗೆ ಅದನ್ನು ತಿಳಿಸಲೇಬೇಕು.

ಡಬ್ಬಿಯ ವಿಷಯ ಚಿಕ್ಕದೆನಿಸುತ್ತದೆ, ಚಿಕ್ಕದಲ್ಲ. ಕೂಡು ಮನೆಯಲ್ಲಿ, ಪಿಜಿಯಲ್ಲಿ, ಗುಡಿಸಲಿನ ಒಂದೇ ಕೋಣೆಯಲ್ಲಿ ಬಿಳಿ ಡಬ್ಬಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಲುಗಾಡಿಸಿದರೆ ಸದ್ದು ಮಾಡುತ್ತದೆ. ಜನ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಅಕ್ಕಿ ಡಬ್ಬಿಗೆ ಹಾಕಿಬಿಡುತ್ತಾರೆ. ತೇವ ಹಿಡಿದು ಮಾತ್ರೆ ಕೆಡುತ್ತದೆ. ಡಬ್ಬಿಯೊಳಗಿರುವ ಚಿಕ್ಕ ಪೊಟ್ಟಣ ತೇವ ಹೀರಲೆಂದೇ ಇಟ್ಟದ್ದು, ಅದನ್ನು ಎಸೆಯಬಾರದು. ಲೇಬಲ್ ಕಿತ್ತು, ಸದ್ದಾಗದಂತೆ ಒಂದಿಷ್ಟು ಹತ್ತಿ ತುರುಕಿ, ಅದೇ ಡಬ್ಬಿಯಲ್ಲಿಡಲು ಹೇಳಿಕೊಡಿ.

ಆರನೆಯ ತಿಂಗಳಿಗೆ, ಹನ್ನೆರಡನೆಯ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ನೋಡುವ ಪರೀಕ್ಷೆ ಆಗಬೇಕು. ಮಾತ್ರೆ ಸರಿಯಾಗಿ ನುಂಗಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಈ ಒಂದು ಮಾತನ್ನು ನಮ್ಮ ಜಾಗೃತಿ ಭಾಷಣಗಳಲ್ಲಿ ಎಷ್ಟು ಜಿಪುಣತನದಿಂದ ಹೇಳುತ್ತಾರೆಂದರೆ, ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವವರಿಗೂ ಗೊತ್ತಿರುವುದಿಲ್ಲ. ಹೇಳಿದರೆ ಕಾಂಡೋಮ್ ಬಿಟ್ಟುಬಿಡುತ್ತಾರೆ ಎಂಬುದು ಹೇಳದಿರುವವರ ವಾದ. ನನಗೆ ಆ ವಾದ ಒಪ್ಪಿಗೆಯಿಲ್ಲ. ಗಂಡನ ಪಕ್ಕ ಮಲಗಲು ಹೆದರಿ ಬದುಕುತ್ತಿರುವವಳಿಗೆ ಮಾತ್ರೆ ತಪ್ಪಿಸದಿರಲು ಇದಕ್ಕಿಂತ ದೊಡ್ಡ ಕಾರಣ ಬೇರೆ ಸಿಗದು. ಬೇರೆ ಲೈಂಗಿಕ ರೋಗಗಳಿಗೆ ಕಾಂಡೋಮ್ ಬೇಕೆಂದು ಆಮೇಲೆ ಹೇಳಿದರಾಯಿತು.

ಗುಳೆ ಹೋಗುವವರಿಗೆ ಮುಂಚೆಯೇ ಎಆರ್‌ಟಿ ಕೇಂದ್ರದಲ್ಲಿ ಮಾತಾಡಿ. ಸ್ಥಿರವಾಗಿರುವವರಿಗೆ ಒಟ್ಟಿಗೆ ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆಯಿದೆ. ಊರು ಬಿಟ್ಟು ಬಹುಕಾಲ ಇರುವುದಾದರೆ ಅಲ್ಲಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಏನೇ ಆಗಲಿ, ಚಿಕಿತ್ಸಾ ಪುಸ್ತಕದ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಲು ಹೇಳಿ, ಮೊಬೈಲಿಗೆ ಬೀಗ ಹಾಕಲೂ ಹೇಳಿಕೊಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ (ಮಾತ್ರೆ ಕೊಡುವ ಉಪಕೇಂದ್ರ) ಇದ್ದರೆ ಪ್ರತಿ ಬಾರಿ ಜಿಲ್ಲಾ ಕೇಂದ್ರಕ್ಕೆ ಎಡತಾಕುವುದು ತಪ್ಪುತ್ತದೆ.

ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ‘ಆಸ್ಪತ್ರೆಯಿಂದ ಬಂದಿದ್ದೇವೆ’ ಎನ್ನಬಾರದು. ಮೊದಲ ದಿನವೇ ಕೇಳಿಟ್ಟುಕೊಳ್ಳಿ: ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ, ಯಾರ ಹೆಸರಿನಲ್ಲಿ ಫೋನ್ ಮಾಡಬೇಕು? ಬೇರೆಯವರು ಎತ್ತಿದರೆ ಏನು ಹೇಳಬೇಕು? ‘ಸಂಘದ ಉಳಿತಾಯದ ವಿಷಯ’ ಎಂಬುದು ಬಹುತೇಕ ಮನೆಗಳಲ್ಲಿ ನಡೆಯುತ್ತದೆ. ಮಾತ್ರೆ ಬಿಟ್ಟದ್ದಕ್ಕೆ ಬೈಯಬೇಡಿ. ‘ಏನು ತೊಂದರೆಯಾಯಿತು?’ ಎಂದು ಕೇಳಿ. ಕುಡಿತ, ಗಂಡನ ಹೊಡೆತ, ಸಾಲ, ಯಾರೋ ಕೊಟ್ಟ ‘ಗ್ಯಾರಂಟಿ ಗುಣ’ದ ಬೇರು ಪುಡಿ, ಹೀಗೆ ಒಂದಲ್ಲ ಒಂದು ಹೊರಬರುತ್ತದೆ. ಬೇರು ಪುಡಿಯವರ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ: ಎಚ್‌ಐವಿ ಪೂರ್ತಿ ಗುಣಪಡಿಸುವ ಔಷಧ ಯಾರ ಚೀಲದಲ್ಲೂ ಇಲ್ಲ.

ಕೆಮ್ಮು, ಬಸುರು

ಸೋಂಕಿತರನ್ನು ಕೊಲ್ಲುವುದರಲ್ಲಿ ಕ್ಷಯ ಎಲ್ಲಕ್ಕಿಂತ ಮುಂದೆ. ಪ್ರತಿ ಭೇಟಿಯಲ್ಲೂ ಪೀರ್ ನಾಲ್ಕು ಪ್ರಶ್ನೆ ಕೇಳಬೇಕು: ಕೆಮ್ಮು ಇದೆಯೇ, ಜ್ವರ ಬರುತ್ತಿದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರಾ? ಒಂದಕ್ಕೆ ಹೌದೆಂದರೂ ಪರೀಕ್ಷೆಗೆ. ನಾಲ್ಕೂ ಇಲ್ಲದವರಿಗೆ ಕ್ಷಯ ಬಾರದಂತೆ ತಡೆ ಚಿಕಿತ್ಸೆ ಕೊಡುತ್ತಾರೆ, ಅದನ್ನು ಕೇಳಿ ಪಡೆಯಿರಿ. ಕ್ಷಯದ ಔಷಧ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ಇನ್ನೊಂದು ಹೊತ್ತು ಹೆಚ್ಚುವರಿ ಬೇಕಾಗುತ್ತದೆ. ಎರಡು ಕಡೆಯ ವೈದ್ಯರಿಗೂ ಎರಡೂ ಕಾಯಿಲೆಯ ವಿಷಯ ಗೊತ್ತಿರುವಂತೆ ನೋಡಿಕೊಳ್ಳಿ.

ಬಸುರಿಯರಲ್ಲಿ ಚಿಕಿತ್ಸೆ ತಪ್ಪದಿದ್ದರೆ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಹುಟ್ಟಿದ ಮಗುವಿಗೆ ಸಿರಪ್, ಆರನೆಯ ವಾರದಲ್ಲಿ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಿಗೆ ಕೊನೆಯದು. ತವರಿಗೆ ಬಾಣಂತನಕ್ಕೆ ಹೋದವರು ಈ ಆರನೆಯ ವಾರವನ್ನೇ ತಪ್ಪಿಸಿಕೊಳ್ಳುತ್ತಾರೆ. ತವರೂರಿನ ಹತ್ತಿರದ ಐಸಿಟಿಸಿ ಯಾವುದೆಂದು ಹೆರಿಗೆಗೆ ಮುಂಚೆಯೇ ಬರೆದುಕೊಡಿ.

ಪೊಲೀಸರು, ಕಾಯ್ದೆ, ಕಾಗದ

ಕಾಂಡೋಮ್ ಸಿಕ್ಕಿತೆಂದು ಕೇಸು ಹಾಕುವ ಬೆದರಿಕೆ ಹಳೆಯ ಕಥೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ, ಮೇಲೆ ಹೇಳಿದ 2017ರ ಎಚ್‌ಐವಿ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ: ಸೋಂಕು ತಡೆಯಲು ಲೈಂಗಿಕ ಕಾರ್ಯಕರ್ತೆಗೋ ಆಕೆಯ ಗಿರಾಕಿಗೋ ಕಾಂಡೋಮ್ ಕೊಟ್ಟವರ ಮೇಲಾಗಲಿ, ಪಡೆದವರ ಮೇಲಾಗಲಿ ಅದಕ್ಕಾಗಿ ಮೊಕದ್ದಮೆ ಹೂಡುವಂತಿಲ್ಲ. 22ನೇ ಸೆಕ್ಷನ್ನಿನ ಕನ್ನಡ ಸಾರಾಂಶವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಪೀರ್‌ಗಳ ಚೀಲದಲ್ಲಿಡಿ. ಅದಕ್ಕಿಂತ ಮೊದಲು ಠಾಣೆಗೆ ಹೋಗಿ ಅಧಿಕಾರಿಯನ್ನು ಕಂಡು ಬನ್ನಿ. ಜಗಳದ ದಿನ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ. ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದವರು, ಅಂದರೆ ಎಲ್ಲರೂ ಡ್ಯಾಪ್ಕು ಎನ್ನುವವರು, ಜೊತೆಗೆ ಬಂದರೆ ಮಾತಿಗೆ ತೂಕ ಬರುತ್ತದೆ.

ಅದೇ ಕಾಯ್ದೆಯಡಿ ಸೋಂಕಿದೆ ಎಂಬ ಕಾರಣಕ್ಕೆ ಚಿಕಿತ್ಸೆ, ಕೆಲಸ, ಬಾಡಿಗೆ ಮನೆ, ಶಾಲೆ ನಿರಾಕರಿಸುವಂತಿಲ್ಲ; ಒಪ್ಪಿಗೆ ಇಲ್ಲದೆ ಗುಟ್ಟು ಬಯಲು ಮಾಡುವಂತಿಲ್ಲ. ದೂರು ಕೇಳಲು ಓಂಬುಡ್ಸ್‌ಮನ್ ವ್ಯವಸ್ಥೆಯಿದೆ. ದೂರು ಬಂದ 30 ದಿನದೊಳಗೆ, ವೈದ್ಯಕೀಯ ತುರ್ತು ಇದ್ದರೆ ಸಾಧ್ಯವಾದಷ್ಟು ಮಟ್ಟಿಗೆ 24 ಗಂಟೆಯೊಳಗೆ ಆದೇಶ ಹೊರಡಿಸಬೇಕು. ದೂರಿನಲ್ಲಿ ದಿನ, ಹೊತ್ತು, ಯಾರು ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ಬರೆಯಿಸಿ. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಎಚ್‌ಐವಿ ಸಂಬಂಧಿತ ಯಾವುದೇ ಮಾಹಿತಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕಾಗದಪತ್ರದ ಕೆಲಸ ನೀರಸ, ಆದರೆ ಜನರ ವಿಶ್ವಾಸ ಗಳಿಸುವುದು ಬಹುಪಾಲು ಅಲ್ಲಿಯೇ. ವಿಳಾಸದ ದಾಖಲೆ ಇಲ್ಲದ ಲೈಂಗಿಕ ಕಾರ್ಯಕರ್ತೆಯರಿಗೆ ನಿಗದಿತ ನಮೂನೆಯ ಪ್ರಮಾಣಪತ್ರದ ಆಧಾರದ ಮೇಲೆ ಆಧಾರ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶಿಸಿದೆ. ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ಆ ಪ್ರಮಾಣಪತ್ರ ಕೊಡಬಹುದು, ವೃತ್ತಿಯ ಗುರುತು ಎಲ್ಲೂ ಬಯಲಾಗಬಾರದು. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಸೋಂಕಿತ ಮಹಿಳೆಯರಿಗೆ ಧನಶ್ರೀ, ಲೈಂಗಿಕ ಕಾರ್ಯಕರ್ತೆಯರಿಗೆ ಚೇತನ ಯೋಜನೆಗಳಿವೆ; ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರದ ಮೈತ್ರಿ ಪಿಂಚಣಿ ಬೇರೆಯಾಗಿಯೇ ಇದೆ. ಅರ್ಜಿ ಕರೆಯುವ ದಿನಾಂಕ ತಿಳಿದುಕೊಂಡು ಮೊದಲೇ ಬ್ಯಾಂಕ್ ಖಾತೆ, ಫೋಟೊ, ಪಡಿತರ ಚೀಟಿ ಸಿದ್ಧ ಮಾಡಿಸಿಡಿ. ಅರ್ಜಿಗಳನ್ನು ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಕೂತು ತುಂಬಬೇಡಿ.

ದಾಖಲೆ ಮತ್ತು ಗೌರವಧನ

ರಿಜಿಸ್ಟರಿನಲ್ಲಿ ಹೆಸರು ಬೇಡ, ಕೋಡ್ ಸಾಕು. ಹೆಸರಿಗೂ ಕೋಡಿಗೂ ಸಂಬಂಧ ಹೇಳುವ ಪಟ್ಟಿ ಒಂದೇ ಪ್ರತಿ, ಒಬ್ಬರ ಬಳಿ, ಬೀಗದೊಳಗೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇವತ್ತು ಇಂಥವರು ಎಆರ್‌ಟಿಗೆ’ ಎಂದು ಹಾಕುವ ಸಮನ್ವಯಕಾರರನ್ನು ಕೆಲಸದಿಂದ ತೆಗೆಯಬೇಕೆಂದರೆ ಕಟು ಅನ್ನಿಸಬಹುದು. ತೆಗೆಯಬೇಕು. ಕಾರ್ಯಕ್ರಮದ ಫೋಟೊದಲ್ಲಿ ಮುಖಗಳು ಬೇಡ. ಹೂಗುಚ್ಛ ಹಿಡಿದ ಕೈಗಳೂ ಬೇಡ, ಬಳೆ ನೋಡಿ ಗುರುತು ಹಿಡಿಯುವ ಊರು ಇದು.

ಪೀರ್‌ಗಳಿಗೆ ಕೊಡುವ ಗೌರವಧನ ಚಿಕ್ಕದು. ಅದು ತಡವಾದರೆ ಕೆಲಸ ನಿಲ್ಲುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೇಲಿನಿಂದ ಅನುದಾನ ಬರುವುದು ತಡವಾದರೂ ಎರಡು ತಿಂಗಳು ತೂಗಿಸುವಷ್ಟು ಹಣವನ್ನು ಸಂಘ ಬೇರೆಯಾಗಿಯೇ ಇಟ್ಟಿರಬೇಕು. ಬಸ್ ಚಾರ್ಜು, ಮೊಬೈಲ್ ರೀಚಾರ್ಜು ಗೌರವಧನದಿಂದ ಕತ್ತರಿಸಬಾರದು. ತಿಂಗಳಿಗೊಂದು ದಿನ ಪೀರ್‌ಗಳಷ್ಟೇ ಕುಳಿತು ಮಾತಾಡಲಿ, ಸಮನ್ವಯಕಾರರು ಹೊರಗಿರಲಿ, ಊಟ ಸಂಘದ್ದು. ಪೀರ್‌ಗಳಲ್ಲಿ ಸೋಂಕಿರುವವರೂ ಇರುತ್ತಾರೆ. ಅವರು ತಮ್ಮ ಮಾತ್ರೆ ತರಲು ಹೋದ ದಿನವನ್ನು ಹಾಜರಿ ಪುಸ್ತಕದಲ್ಲಿ ಕ್ಷೇತ್ರಭೇಟಿ ಎಂದೇ ಬರೆಯಿರಿ, ಕಾರಣದ ಕಾಲಂ ಖಾಲಿ ಬಿಡಿ.